ಸೊನ್ನೆ ಎಂದು ಬರೆದುಕೊಳ್ಳುವ ಮೊದಲು

ಕಳೆದ ತಿಂಗಳು ಒಂದು ಮಧ್ಯಾಹ್ನ ಆರೋಗ್ಯ ವೆಚ್ಚದ ಸಮೀಕ್ಷೆಗೆಂದು ಒಬ್ಬ ಯುವಕ ನಮ್ಮ ಮನೆಗೆ ಬಂದಿದ್ದ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್, ಮುಖದಲ್ಲಿ ಆ ದಿನದ ಆರನೆಯದೋ ಏಳನೆಯದೋ ಮನೆಯ ಆಯಾಸ. ಮನೆಯಲ್ಲಿ ಎಷ್ಟು ಮಂದಿ ಇದ್ದೀರಿ, ಯಾರ ವಯಸ್ಸು ಎಷ್ಟು, ಯಾರಿಗೆ ವಿಮೆ ಇದೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡ ಮೇಲೆ, "ಕಳೆದ ಹದಿನೈದು ದಿನಗಳಲ್ಲಿ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಆಗಿತ್ತೇ ಮೇಡಂ?" ಎಂದು ಕೇಳಿದ. ನಾನು ಒಂದು ಕ್ಷಣವೂ ಯೋಚಿಸದೆ "ಇಲ್ಲಪ್ಪ, ಎಲ್ಲರೂ ಚೆನ್ನಾಗಿದ್ದೇವೆ" ಎಂದೆ. ಅವನ ಬೆರಳು ಪರದೆಯ ಮೇಲೆ ಸರಸರನೆ ಜಾರಿತು. ಹಲವು ಪುಟಗಳು ಒಮ್ಮೆಗೇ ಹಾರಿಹೋದದ್ದು ನನಗೂ ಕಂಡಿತು. ಇಪ್ಪತ್ತು ನಿಮಿಷಗಳಲ್ಲಿ ಕೆಲಸ ಮುಗಿಸಿ, ಏನಾದರೂ ತಿದ್ದುವುದಿದ್ದರೆ ಕರೆ ಮಾಡಿ ಎಂದು ಒಂದು ದೂರವಾಣಿ ಸಂಖ್ಯೆಯನ್ನು ಬರೆದುಕೊಟ್ಟು ಹೋದ.

ರಾತ್ರಿ ಊಟವಾದ ಮೇಲೆ ನಮ್ಮ ಯಜಮಾನರು ಎಂದಿನಂತೆ ರಕ್ತದೊತ್ತಡದ ಮಾತ್ರೆಯನ್ನು ಅಂಗೈಗೆ ಹಾಕಿಕೊಂಡರು. ಒಂಬತ್ತು ವರ್ಷಗಳಿಂದ ಒಂದು ದಿನವೂ ತಪ್ಪದ ಮಾತ್ರೆ ಅದು. ಅದನ್ನು ಕಂಡ ಕೂಡಲೇ ಉಳಿದದ್ದೆಲ್ಲ ಒಂದರ ಹಿಂದೊಂದು ನೆನಪಿಗೆ ಬಂತು. ಹಿಂದಿನ ವಾರವಷ್ಟೇ ಮಗಳು ಹಲ್ಲಿಗೆ ತೋರಿಸಿಕೊಂಡು ಬಂದಿದ್ದಳು. ನನ್ನ ಕಣ್ಣಿನ ಹನಿಮದ್ದಿನ ಬಾಟಲಿ ಅಲ್ಲೇ ಕಿಟಕಿಯ ದಂಡೆಯ ಮೇಲಿತ್ತು. ಮೂವರೂ ಆ ಹದಿನೈದು ದಿನಗಳ ಒಳಗೇ ದುಡ್ಡು ಖರ್ಚು ಮಾಡಿದ್ದೆವು, ಆದರೆ ದಾಖಲೆಯಲ್ಲಿ ನಮ್ಮದು ಕಾಯಿಲೆಯೇ ಇಲ್ಲದ, ವೆಚ್ಚ ಸೊನ್ನೆಯಾದ ಮನೆ. ಬೇರೆ ಯಾರಾದರೂ ಹೀಗೆ ಮರೆತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಮದುವೆಗೆ ಮೊದಲು ಮೂರು ವರ್ಷ ನಾನೇ ಮನೆಮನೆಗೆ ಹೋಗಿ ಇದೇ ಪ್ರಶ್ನೆ ಕೇಳುತ್ತಿದ್ದವಳು. ಕೇಳುವವಳಾಗಿದ್ದಾಗ ಜನ ಹೇಗೆ ಇಷ್ಟು ಸಲೀಸಾಗಿ ಮರೆಯುತ್ತಾರೆ ಎಂದು ಒಳಗೊಳಗೇ ಸಿಡುಕುತ್ತಿದ್ದೆ. ಹೇಳುವ ಸರದಿ ಬಂದಾಗ ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಅಂದಿನಿಂದ ಸೊನ್ನೆಯ ಬಗ್ಗೆಯೇ ಯೋಚಿಸುತ್ತಿದ್ದೇನೆ. ಆರೋಗ್ಯ ವೆಚ್ಚದ ಸಮೀಕ್ಷೆಯಲ್ಲಿ ದೊಡ್ಡ ಮೊತ್ತಗಳನ್ನು ಎಲ್ಲರೂ ಅನುಮಾನದಿಂದ ನೋಡುತ್ತಾರೆ. ಯಾರಾದರೂ ವಿಪರೀತ ಖರ್ಚು ಹೇಳಿದರೆ ಮೇಲ್ವಿಚಾರಕರು ಕರೆದು ವಿಚಾರಿಸುತ್ತಾರೆ, ಟ್ಯಾಬ್ ಇದ್ದರೆ ಅದೇ ಕೆಂಪು ಎಚ್ಚರಿಕೆ ತೋರಿಸುತ್ತದೆ. ಸೊನ್ನೆಯನ್ನು ಮಾತ್ರ ಯಾರೂ ತಡೆದು ನಿಲ್ಲಿಸುವುದಿಲ್ಲ. ನನ್ನ ಅನುಭವದಲ್ಲಿ ಇಡೀ ಫಾರ್ಮಿನಲ್ಲಿ ಬರೆಯಲು ಅತಿ ಸುಲಭವಾದ ಮತ್ತು ಅರ್ಥ ಮಾಡಿಕೊಳ್ಳಲು ಅತಿ ಕಷ್ಟವಾದ ಉತ್ತರ ಅದೊಂದೇ.

ವಯಸ್ಸಿಗೆ ಬಂದದ್ದು

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಒಂದು ಸಂಜೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಗ ಕಾಗದದ ಫಾರ್ಮು. ಒಂದೊಂದೂ ಸಣ್ಣ ಪುಸ್ತಕದಷ್ಟು ದಪ್ಪ. ಆ ದಿನದ ಕೊನೆಯ ಮನೆ. ಬಾಗಿಲು ತೆರೆದವರು ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ. ಒಳಗೆ ಕರೆದು ಕೂರಿಸಿ, ಮನೆಯವರ ವಿವರವನ್ನೆಲ್ಲ ಬಹಳ ತಾಳ್ಮೆಯಿಂದ ಹೇಳಿದರು. ಯಾರಿಗಾದರೂ ಕಾಯಿಲೆಯೇ ಎಂದು ಕೇಳಿದಾಗ ಮಗನಿಗೆ ಇಲ್ಲ, ಸೊಸೆಗೆ ಇಲ್ಲ, ಮೊಮ್ಮಕ್ಕಳಿಗೆ ಇಲ್ಲ ಎಂದು ಬೆರಳು ಮಡಚಿ ಎಣಿಸಿದರು. ತಮ್ಮನ್ನು ಎಣಿಸಿಕೊಳ್ಳಲಿಲ್ಲ. ನಾನೂ ಕೇಳಲಿಲ್ಲ. ಎಲ್ಲರ ಮುಂದೆ "ಇಲ್ಲ" ಎಂಬ ಸಂಕೇತವನ್ನು ಬರೆದು, ವೆಚ್ಚದ ಕಾಲಂಗಳಿಗೆ ಸೊನ್ನೆ ಹಾಕಿ, ಫಾರ್ಮನ್ನು ಚೀಲಕ್ಕೆ ಸೇರಿಸಿ ಎದ್ದೆ.

ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ ಅಜ್ಜಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಾಗಿಲ ತನಕ ಬಂದರು. "ನೋಡಮ್ಮ, ನೀನು ಆಸ್ಪತ್ರೆ ವಿಚಾರ ತಿಳಿದವಳು. ಈ ಮಂಡಿ ನೋವಿಗೆ ಯಾವ ಮಾತ್ರೆ ಒಳ್ಳೆಯದು? ರಾತ್ರಿ ನಿದ್ದೆಯೇ ಬರುವುದಿಲ್ಲ" ಎಂದರು. ನನಗೆ ಎದೆ ಧಸಕ್ಕೆಂದಿತು. ಈಗಷ್ಟೇ ಯಾರಿಗೂ ಏನೂ ಇಲ್ಲ ಎಂದಿರಲ್ಲ ಎಂದು ಕೇಳಿದೆ. "ಇದು ಕಾಯಿಲೆ ಅಲ್ಲವಲ್ಲಮ್ಮ, ಇದು ವಯಸ್ಸಿಗೆ ಬಂದದ್ದು" ಎಂದರು. ವೈದ್ಯರಿಗೆ ತೋರಿಸಿದಿರಾ ಎಂದರೆ, ತೋರಿಸಿದರೆ ಪರೀಕ್ಷೆ ಮಾಡಿಸಿ ಎನ್ನುತ್ತಾರೆ, ಮಗನಿಗೆ ಸುಮ್ಮನೆ ಹೊರೆ ಎಂದರು. ತೀರಿಕೊಂಡ ಗಂಡನಿಗೆಂದು ಹಿಂದೆ ತಂದಿದ್ದ ನೋವಿನ ಮಾತ್ರೆಗಳಲ್ಲಿ ಉಳಿದದ್ದನ್ನು ಅರ್ಧರ್ಧ ಮಾಡಿ ನುಂಗುತ್ತಿದ್ದರು.

ನಾನು ವೈದ್ಯಳಲ್ಲ, ದಯವಿಟ್ಟು ಒಮ್ಮೆ ತೋರಿಸಿ ಎಂದು ಹೇಳಿ ಹೊರಟೆ. ಆಗಲೇ ಕತ್ತಲಾಗುತ್ತಿತ್ತು. ಚೀಲದಿಂದ ಫಾರ್ಮು ತೆಗೆದು, ಸೊನ್ನೆ ಹೊಡೆದುಹಾಕಿ, ಬಿಟ್ಟ ಪುಟಗಳನ್ನೆಲ್ಲ ತುಂಬಬೇಕೆಂದರೆ ಇನ್ನೂ ಅರ್ಧ ಗಂಟೆ ಬೇಕಿತ್ತು. ಹಾಗೆ ಮಾಡಲಿಲ್ಲ. ಮರುದಿನ ಮಾಡಬಹುದಿತ್ತು, ಆಗಲೂ ಮಾಡಲಿಲ್ಲ. ಇದನ್ನು ಇಲ್ಲಿ ಬರೆಯುವುದಕ್ಕೇ ಇಷ್ಟು ವರ್ಷ ಹಿಡಿಯಿತು.

ಆ ಫಾರ್ಮಿನಲ್ಲಿ ಅಜ್ಜಿಯ ಸ್ಥಿತಿಯನ್ನು ಬರೆಯಲು ಜಾಗವೇ ಇರಲಿಲ್ಲ ಎಂದೇನೂ ಇಲ್ಲ. ಕಾಯಿಲೆ ಇದ್ದೂ ಚಿಕಿತ್ಸೆ ಪಡೆಯದವರಿಗೆ ಒಂದು ಪ್ರಶ್ನೆ, ಏಕೆ ಪಡೆಯಲಿಲ್ಲ ಎಂಬುದಕ್ಕೆ ಇನ್ನೊಂದು, ಅದರ ಕೆಳಗೆ ಕಾರಣಗಳ ಪಟ್ಟಿ, ಆ ಪಟ್ಟಿಯಲ್ಲಿ ಹಣದ ತೊಂದರೆ ಎಂಬ ಸಂಕೇತ, ಎಲ್ಲವೂ ಇದ್ದವು. ಆದರೆ ಅಲ್ಲಿಗೆ ತಲುಪಬೇಕಾದರೆ ಮೊದಲ ಪ್ರಶ್ನೆಗೆ "ಹೌದು" ಬರಬೇಕು. ಆ ಮೊದಲ ಪ್ರಶ್ನೆಯಲ್ಲಿ "ಕಾಯಿಲೆ" ಎಂಬ ಪದವಿತ್ತು. ಫಾರ್ಮು ರೂಪಿಸಿದವರ ಕಾಯಿಲೆಯಲ್ಲಿ ಮಂಡಿ ನೋವು ಸೇರಿತ್ತು, ಅಜ್ಜಿಯ ಕಾಯಿಲೆಯಲ್ಲಿ ಸೇರಿರಲಿಲ್ಲ. ಒಂದೇ ಪದವನ್ನು ಇಬ್ಬರೂ ಬಳಸಿದೆವು, ಇಬ್ಬರೂ ನಿಜವನ್ನೇ ಹೇಳಿದೆವು, ಉತ್ತರ ಮಾತ್ರ ಸುಳ್ಳಾಯಿತು.

ಸಿಂಗೂರಿನ ವಿಧವೆಯರು

ಕೆಲಸ ಬಿಟ್ಟು ಬಹಳ ಕಾಲದ ನಂತರ ಒಂದು ಅಂಕಿ ಓದಿ ಬೆಚ್ಚಿದ್ದೆ. ಬಂಗಾಳದ ಮಹಾಕ್ಷಾಮದ ಮರುವರ್ಷ, ಅಂದರೆ 1944ರಲ್ಲಿ, ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯು ಕಲ್ಕತ್ತೆಯ ಸಮೀಪದ ಸಿಂಗೂರಿನಲ್ಲಿ ಒಂದು ಸಮೀಕ್ಷೆ ನಡೆಸಿತ್ತು. ನಿಮ್ಮ ಆರೋಗ್ಯ ಹೇಗಿದೆ ಎಂಬ ಪ್ರಶ್ನೆಗೆ ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ಶೇ. 48.5 ಮಂದಿ, ತಮಗೆ ಕಾಯಿಲೆಯಿದೆ ಅಥವಾ ಆರೋಗ್ಯ ಅಷ್ಟಕ್ಕಷ್ಟೇ ಎಂದು ಉತ್ತರಿಸಿದರು. ಗಂಡನನ್ನು ಕಳೆದುಕೊಂಡ ಹೆಂಗಸರಲ್ಲಿ ಹಾಗೆ ಹೇಳಿದವರು ಶೇ. 2.5 ಮಾತ್ರ. ಸ್ಪಷ್ಟವಾದ ಕಾಯಿಲೆಯನ್ನು ಬದಿಗಿಟ್ಟು "ಅಷ್ಟಕ್ಕಷ್ಟೇ" ಎಂದವರನ್ನಷ್ಟೇ ತೆಗೆದುಕೊಂಡರೆ ಗಂಡಸರು ಶೇ. 45.6, ಹೆಂಗಸರು ಸೊನ್ನೆ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಈ ಅಂಕಿಗಳನ್ನು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. ಕ್ಷಾಮವನ್ನು ದಾಟಿ ಬದುಕುಳಿದ ಆ ವಿಧವೆಯರು ಗಂಡಸರಿಗಿಂತ ಗಟ್ಟಿಯಾಗಿದ್ದರು ಎಂದು ಯಾರೂ ನಂಬಲಾರರು. ತಮ್ಮ ಮೈಯ ನೋವನ್ನು ಲೆಕ್ಕಕ್ಕೆ ಸೇರಿಸಬಹುದು ಎಂಬ ಎಣಿಕೆಯೇ ಅವರಿಗೆ ಇರಲಿಲ್ಲವೇನೋ. ಆ ಸೊನ್ನೆಯನ್ನು ಓದಿದಾಗ ನನಗೆ ಗೋಡೆ ಹಿಡಿದು ಬಾಗಿಲಿಗೆ ಬಂದ ಅಜ್ಜಿ ನೆನಪಾದರು.

ಸೇನ್ ಅವರೇ 2002ರಲ್ಲಿ ಇದರ ಇನ್ನೊಂದು ಮುಖವನ್ನೂ ಬರೆದರು. ಭಾರತದಲ್ಲಿ ಜನ ಹೆಚ್ಚು ಕಾಲ ಬದುಕುವ ಕೇರಳದಲ್ಲೇ ಕಾಯಿಲೆಯಿದೆ ಎಂದು ಹೇಳಿಕೊಳ್ಳುವವರು ಹೆಚ್ಚು; ಆಯಸ್ಸು ಕಡಿಮೆಯಿದ್ದ ಬಿಹಾರದಲ್ಲಿ ಹೇಳಿಕೊಳ್ಳುವವರು ಕಡಿಮೆ; ಅಮೆರಿಕದಲ್ಲಿ ಕೇರಳಕ್ಕಿಂತಲೂ ಹೆಚ್ಚು. ಓದು, ಹತ್ತಿರದಲ್ಲಿ ವೈದ್ಯರು, ತೋರಿಸಿಕೊಂಡರೆ ಗುಣವಾಗುತ್ತದೆ ಎಂಬ ಭರವಸೆ, ಇವು ಇದ್ದಲ್ಲಿ ನೋವಿಗೆ ಒಂದು ಹೆಸರು ಸಿಗುತ್ತದೆ. ಹೆಸರು ಸಿಕ್ಕ ಮೇಲೆ ಅದು ಫಾರ್ಮಿಗೆ ಬರುತ್ತದೆ, ಫಾರ್ಮಿಗೆ ಬಂದ ಮೇಲೆ ಅದಕ್ಕೊಂದು ವೆಚ್ಚವೂ ಅಂಟಿಕೊಳ್ಳುತ್ತದೆ. ಆದುದರಿಂದ ವೈದ್ಯಕೀಯ ವೆಚ್ಚ ಕಡಿಮೆ ಎಂದು ತೋರುವ ಊರನ್ನು ಆರೋಗ್ಯವಂತರ ಊರೆಂದು ಓದುವವರು ಒಂದು ಗಳಿಗೆ ತಡೆದು, ಅಲ್ಲಿ ಕೇಳಿದವರು ಯಾರು, ಏನೆಂದು ಕೇಳಿದರು ಎಂಬುದನ್ನು ವಿಚಾರಿಸಿಕೊಳ್ಳಬೇಕು.

ಹದಿನೈದು ದಿನ, ಮುನ್ನೂರ ಅರವತ್ತೈದು ದಿನ

ಮರೆವಿನ ವಿಷಯಕ್ಕೆ ಬರುತ್ತೇನೆ. ಎಷ್ಟು ಹಿಂದಿನ ಖರ್ಚನ್ನು ಕೇಳಬೇಕು ಎಂಬುದು ಈ ಕ್ಷೇತ್ರದ ಹಳೆಯ ಜಗಳ. ಭಾರತದ ರಾಷ್ಟ್ರೀಯ ಮಾದರಿ ಸಮೀಕ್ಷೆಯು 1,13,823 ಮನೆಗಳಿಗೆ ಹೋದ 2017-18ರ ಆರೋಗ್ಯ ಸುತ್ತಿನಲ್ಲಿ, ಆಸ್ಪತ್ರೆಗೆ ದಾಖಲಾದದ್ದಕ್ಕೆ ಕಳೆದ 365 ದಿನಗಳನ್ನೂ ಉಳಿದ ಕಾಯಿಲೆಗಳಿಗೆ ಕಳೆದ 15 ದಿನಗಳನ್ನೂ ಇಟ್ಟುಕೊಂಡಿತು. ಇದರ ಹಿಂದಿನ ತರ್ಕ ಯಾರಿಗೂ ಅರ್ಥವಾಗುವಂಥದ್ದು: ಆಸ್ಪತ್ರೆಯಲ್ಲಿ ಮಲಗಿದ್ದನ್ನು ಯಾರೂ ಅಷ್ಟು ಬೇಗ ಮರೆಯುವುದಿಲ್ಲ, ನೆಗಡಿಗೆ ಮಾತ್ರೆ ತಂದದ್ದನ್ನು ಎರಡು ವಾರಗಳಾಚೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆದರೆ ಎರಡು ವಾರವೂ ಕೆಲವರಿಗೆ ದೀರ್ಘವೇ. ಅರ್ಥಶಾಸ್ತ್ರಜ್ಞರಾದ ಜಿಷ್ಣು ದಾಸ್, ಜೆಫ್ರಿ ಹ್ಯಾಮರ್ ಮತ್ತು ಕರೊಲಿನಾ ಸಾಂಚೆಸ್-ಪಾರಾಮೊ ದೆಹಲಿಯ ಕುಟುಂಬಗಳ ಮೇಲೆ ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು ವಾರಕ್ಕೊಮ್ಮೆ ಕೇಳಿದ ಉತ್ತರವನ್ನೂ ತಿಂಗಳಿಗೊಮ್ಮೆ ಕೇಳಿದ ಉತ್ತರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿತು. ತಿಂಗಳ ಲೆಕ್ಕದಲ್ಲಿ ಕಾಯಿಲೆಗಳೂ ವೈದ್ಯರ ಭೇಟಿಗಳೂ ಕಡಿಮೆಯಾದವು, ಮತ್ತು ಆ ಇಳಿಕೆ ಶ್ರೀಮಂತರಿಗಿಂತ ಬಡವರಲ್ಲಿ ಹೆಚ್ಚಾಗಿತ್ತು. ಪದೇ ಪದೇ ಬರುವ ಕಾಯಿಲೆ ಬಡವರ ಮನೆಯಲ್ಲಿ ಸುದ್ದಿಯಾಗಿ ಉಳಿಯುವುದಿಲ್ಲ, ದಿನಚರಿಯಲ್ಲಿ ಕರಗಿಹೋಗುತ್ತದೆ. ನಮ್ಮ ಮನೆಯ ರಕ್ತದೊತ್ತಡದ ಮಾತ್ರೆ ಒಂಬತ್ತು ವರ್ಷಗಳಲ್ಲಿ ಕರಗಿಹೋದದ್ದೂ ಹೀಗೆಯೇ ಇರಬೇಕು.

ಇದರ ತದ್ವಿರುದ್ಧವಾದದ್ದೂ ಆಗುತ್ತದೆ. ದೊಡ್ಡ ಖರ್ಚು ಮನಸ್ಸಿನಲ್ಲಿ ಹತ್ತಿರಕ್ಕೆ ಸರಿದುಬರುತ್ತದೆ; ಹದಿನಾಲ್ಕು ತಿಂಗಳ ಹಿಂದಿನ ಶಸ್ತ್ರಚಿಕಿತ್ಸೆಯನ್ನು ಜನ "ಈ ವರ್ಷದ್ದೇ" ಎಂದು ಹೇಳುತ್ತಾರೆ. ದೂರದ ವಸ್ತುವನ್ನು ಹತ್ತಿರವಾಗಿಸುವ ದುರ್ಬೀನಿನ ನೆನಪಿನಲ್ಲಿ ಇದಕ್ಕೆ ಟೆಲಿಸ್ಕೋಪಿಂಗ್ ಎಂದು ಹೆಸರು. ಅಮೆರಿಕದ ಸಂಖ್ಯಾಶಾಸ್ತ್ರಜ್ಞರಾದ ಜಾನ್ ನೆಟರ್ ಮತ್ತು ಜೋಸೆಫ್ ವಾಕ್ಸ್‌ಬರ್ಗ್ 1964ರಲ್ಲಿ ಇದನ್ನು ತೋರಿಸಿಕೊಟ್ಟದ್ದು ಆಸ್ಪತ್ರೆಯ ಖರ್ಚಿನಿಂದಲ್ಲ, ಮನೆ ರಿಪೇರಿಯ ಖರ್ಚಿನಿಂದ. ಅವರು ಸೂಚಿಸಿದ ಪರಿಹಾರ ಸರಳ: ಒಮ್ಮೆ ಹೋಗಿ ಬನ್ನಿ, ಎರಡನೆಯ ಸಲ ಹೋದಾಗ "ನಾನು ಹಿಂದೆ ಬಂದು ಹೋದ ಮೇಲೆ" ಏನೇನಾಯಿತು ಎಂದು ಕೇಳಿ, ಮೊದಲ ಸಲ ಬರೆದುಕೊಂಡದ್ದು ಮತ್ತೆ ಬರದಂತೆ ನೋಡಿಕೊಳ್ಳಿ. ಅಮೆರಿಕದಲ್ಲಿ 1996ರಿಂದ ನಡೆದುಬಂದಿರುವ ವೈದ್ಯಕೀಯ ವೆಚ್ಚದ ಸಮೀಕ್ಷೆಯು ಒಂದೇ ಮನೆಯನ್ನು ಎರಡು ವರ್ಷಗಳ ಅವಧಿಯಲ್ಲಿ ಐದು ಸಲ ಮಾತನಾಡಿಸುವ ಕ್ರಮವನ್ನು ಇಟ್ಟುಕೊಂಡದ್ದೂ ಇಂಥದ್ದೇ ಕಾರಣಕ್ಕೆ. ಅವರು ಅಲ್ಲಿಗೂ ನಿಲ್ಲುವುದಿಲ್ಲ. ಮನೆಯವರ ಒಪ್ಪಿಗೆ ಪಡೆದು ಅವರ ವೈದ್ಯರು, ಆಸ್ಪತ್ರೆಗಳು, ಔಷಧದಂಗಡಿಗಳನ್ನೇ ಸಂಪರ್ಕಿಸಿ ಯಾವ ದಿನ ಯಾರು ಎಷ್ಟು ಕೊಟ್ಟರು ಎಂದು ಕೇಳುತ್ತಾರೆ. ವಿಮೆ ನೇರವಾಗಿ ಆಸ್ಪತ್ರೆಗೆ ಕಟ್ಟಿದ ಹಣ ಮನೆಯವರಿಗೆ ಗೊತ್ತಿರುವುದೇ ಇಲ್ಲ, ಗೊತ್ತಿಲ್ಲದ್ದನ್ನು ನೆನಪಿಸಿಕೊಳ್ಳಿ ಎಂದರೆ ಎಲ್ಲಿಂದ ಬರಬೇಕು?

ಆದರೆ ಐದು ಸಲ ಹೋಗುವುದರಲ್ಲೂ ಒಂದು ತೊಡಕಿದೆ, ಮತ್ತು ಅದು ಎರಡೂ ಕಡೆಯವರಿಗೆ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ತೊಡಕು. ಒಂದು "ಹೌದು" ಎಂದರೆ ಹತ್ತು ಪ್ರಶ್ನೆಗಳು ಬಿಚ್ಚಿಕೊಳ್ಳುತ್ತವೆ ಎಂಬುದನ್ನು ಉತ್ತರ ಕೊಡುವವರು ಎರಡನೆಯ ಭೇಟಿಗೇ ಕಲಿತುಬಿಡುತ್ತಾರೆ. ನಾವು ಮೊದಲ ವಾರದಲ್ಲೇ ಕಲಿತಿರುತ್ತೇವೆ. ದಿನಕ್ಕೆ ಇಷ್ಟು ಮನೆ ಎಂದು ಲೆಕ್ಕ ಕೊಡಬೇಕಾದ ಸಮೀಕ್ಷಕಿ ಸಂಜೆಯ ಹೊತ್ತಿಗೆ "ಯಾರಿಗೂ ಕಾಯಿಲೆ ಇಲ್ಲ ತಾನೇ?" ಎಂದು ಪ್ರಶ್ನೆಯನ್ನೇ ಸ್ವಲ್ಪ ವಾಲಿಸಿ ಕೇಳತೊಡಗುತ್ತಾಳೆ. ಕೈಪಿಡಿಯಲ್ಲಿ ಮುದ್ರಿಸಿದ ಪ್ರಶ್ನೆಗೂ ಆ "ತಾನೇ" ಎಂಬ ಒಂದು ಪದ ಸೇರಿಸಿ ಕೇಳಿದ ಪ್ರಶ್ನೆಗೂ ಎಷ್ಟು ದೂರ! ಅಜ್ಜಿಯ ಮನೆಯಲ್ಲಿ ನಾನು ಆ ಪದವನ್ನು ಸೇರಿಸಿದ್ದೆನೋ ಇಲ್ಲವೋ ನೆನಪಿಲ್ಲ. ಸೇರಿಸಿರಬಹುದು ಎಂಬುದೇ ನನ್ನ ಅನುಮಾನ.

ಕಡತ ಹಿಡಿದು ಕೂತವರು

ಇನ್ನೊಂದು ಮನೆ. ಅಲ್ಲಿ ತಂದೆ ಮತ್ತು ಮಗ ಇಬ್ಬರೇ. ಈ ಮನೆಯಲ್ಲಿ ಈಗ ವಾಸವಿರುವವರು ಎಷ್ಟು ಎಂದು ಕೇಳಿದಾಗ ತಂದೆ "ಇಬ್ಬರು" ಎಂದು ಹೇಳಿ, ಸ್ವಲ್ಪ ಹೊತ್ತು ಬಿಟ್ಟು, "ಮಾರ್ಚ್ ತನಕ ಮೂವರು" ಎಂದರು. ಹೆಂಡತಿ ತೀರಿಕೊಂಡು ಏಳು ತಿಂಗಳಾಗಿತ್ತು. ಈಗ ಇರುವವರ ಪಟ್ಟಿಯನ್ನಷ್ಟೇ ಹಿಡಿದು ಮುಂದುವರಿಯುವ ಸಮೀಕ್ಷೆಯಾಗಿದ್ದರೆ ಆ ವರ್ಷ ಆ ಮನೆಯ ಆಸ್ಪತ್ರೆ ಖರ್ಚು ಸೊನ್ನೆ. ಬದುಕಿನ ಕೊನೆಯ ತಿಂಗಳುಗಳಲ್ಲೇ ಚಿಕಿತ್ಸೆಯ ವೆಚ್ಚ ಏರುವುದರಿಂದ ಇದು ಸಣ್ಣ ಲೋಪವಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯು ಹಿಂದಿನ 365 ದಿನಗಳಲ್ಲಿ ತೀರಿಕೊಂಡ ಸದಸ್ಯರ ವಿವರವನ್ನೂ ಪ್ರತ್ಯೇಕವಾಗಿ ಕೇಳುವುದು ಈ ಕಾರಣಕ್ಕೆ. ನಮ್ಮ ಫಾರ್ಮಿನಲ್ಲೂ ಅಂಥ ಒಂದು ಪುಟವಿತ್ತು. ತರಬೇತಿಯಲ್ಲಿ ಅದನ್ನು ಐದು ನಿಮಿಷಗಳಲ್ಲಿ ಮುಗಿಸಿದ್ದರು. ಆ ಪುಟವನ್ನು ತೆರೆದಾಗ ಯಾವ ದನಿಯಲ್ಲಿ ಮಾತನಾಡಬೇಕು ಎಂದು ಹೇಳಿಕೊಟ್ಟಿರಲಿಲ್ಲ.

ಅವರು ಒಳಗೆ ಹೋಗಿ ಒಂದು ಕಡತ ತಂದರು. ರಸೀದಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ, ಪ್ರತಿ ತಿಂಗಳ ನಡುವೆ ಒಂದು ಬಣ್ಣದ ಹಾಳೆ ಇಟ್ಟಿದ್ದರು. ನಾನು ಕಂಡ ನೂರಾರು ಮನೆಗಳಲ್ಲಿ ಅಷ್ಟು ಅಚ್ಚುಕಟ್ಟಾದ ದಾಖಲೆ ಇನ್ನೊಂದಿರಲಿಲ್ಲ. ಅವರಿಗೆ ವಿಮೆ ಇತ್ತೇ ಎಂದು ಕೇಳಿದೆ. "ಇದೆ ಅಂದುಕೊಂಡಿದ್ದೆವು" ಎಂದರು. ನನ್ನ ಮುಂದೆ ಇದ್ದದ್ದು ಎರಡೇ ಸಂಕೇತ, ಹೌದು ಮತ್ತು ಇಲ್ಲ. ವಿಷಯ ಹೀಗಿತ್ತು: ಪಾಲಿಸಿ ಚಾಲ್ತಿಯಲ್ಲಿತ್ತು, ಕಂತು ಕಟ್ಟಿದ್ದರು, ಆದರೆ ಆ ಕಾಯಿಲೆ ಪಾಲಿಸಿ ಮಾಡಿಸುವ ಮೊದಲೇ ಇತ್ತೆಂದು ಕಂಪನಿ ಮೊದಲ ಸಲದ ದಾಖಲಾತಿಗೆ ಹಣ ಕೊಡಲಿಲ್ಲ, ಎರಡನೆಯ ಸಲಕ್ಕೆ ಒಂದು ಭಾಗ ಕೊಟ್ಟಿತು, ಮೂರನೆಯ ಸಲದ ಹೊತ್ತಿಗೆ ಇವರೇ ಅರ್ಜಿ ಹಾಕುವ ಶಕ್ತಿ ಕಳೆದುಕೊಂಡಿದ್ದರು. ನಾನು "ಹೌದು" ಎಂಬ ಸಂಕೇತ ಬರೆದೆ. ನಿಯಮದ ಪ್ರಕಾರ ಅದು ಸರಿ.

ಆಮೇಲೆ ಮೊತ್ತ. ಆಸ್ಪತ್ರೆ ಬಿಲ್ಲಿನಲ್ಲಿ ಬರೆದದ್ದು ಒಂದು, ರಿಯಾಯಿತಿ ಕಳೆದು ಕೇಳಿದ್ದು ಇನ್ನೊಂದು, ವಿಮೆ ಕೊಟ್ಟದ್ದು, ಇವರು ಕೈಯಿಂದ ಕಟ್ಟಿದ್ದು, ಅದರಲ್ಲಿ ತಮ್ಮನಿಂದ ತಂದ ಸಾಲ, ಆ ಸಾಲದ ಬಾಕಿ. ಅಮೆರಿಕದ ಸಮೀಕ್ಷೆಯು ವೆಚ್ಚವೆಂದರೆ ಬಿಲ್ಲಿನಲ್ಲಿ ಬರೆದ ದರವಲ್ಲ, ನಿಜವಾಗಿ ಪಾವತಿಯಾದ ಹಣ ಎಂಬ ನಿಲುವು ತೆಗೆದುಕೊಂಡದ್ದು ಎಷ್ಟು ಬೇಕಾದ ನಿಲುವು ಎಂಬುದು ಆ ಕಡತದ ಮುಂದೆ ಕೂತವರಿಗೆ ಗೊತ್ತಾಗುತ್ತದೆ. ಓಡಾಟದ ಖರ್ಚನ್ನು ಬೇರೆಯಾಗಿ ಬರೆದುಕೊಂಡೆ. ಮಗ ನಾಲ್ಕು ತಿಂಗಳು ಕೆಲಸ ಬಿಟ್ಟು ಆಸ್ಪತ್ರೆಯಲ್ಲಿ ತಾಯಿಯ ಜೊತೆಗಿದ್ದ. ಹೋದ ಸಂಬಳಕ್ಕೆ ಒಂದು ಕಾಲಂ ಇತ್ತು, ಸಿಗದೇ ಹೋದ ಬಡ್ತಿಗೆ ಇರಲಿಲ್ಲ. ಎರಡು ಗಂಟೆ ಹಿಡಿಯಿತು. ಎದ್ದು ಹೊರಡುವಾಗ ಅವರು, "ಇದನ್ನು ಇಷ್ಟು ಹೊತ್ತು ಕೂತು ಕೇಳಿದ್ದು ನೀವೊಬ್ಬರೇ" ಎಂದರು. ನಾನು ಉತ್ತರಿಸಲಿಲ್ಲ. ಆ ದಿನ ಮೇಲ್ವಿಚಾರಕರು ಎರಡು ಮನೆ ಕಡಿಮೆಯಾಯಿತೆಂದು ಗೊಣಗಿದರು, ಮತ್ತು ಆ ಮೊತ್ತ ಹೆಚ್ಚೆನಿಸಿ ಮರುದಿನ ಫಾರ್ಮನ್ನು ನನಗೇ ಹಿಂದಿರುಗಿಸಿ "ಸರಿಯೇ ನೋಡಿ" ಎಂದು ಬರೆದರು. ಅಜ್ಜಿಯ ಫಾರ್ಮು ಹಿಂದಿರುಗಿ ಬರಲೇ ಇಲ್ಲ.

ಇದೆಯೇ, ಇಲ್ಲವೇ

ವಿಮೆ ಇದೆಯೇ ಎಂಬ ಪ್ರಶ್ನೆ ಕೇಳಲು ಹೊರಟಾಗ ನಾವೆಲ್ಲ ಅದನ್ನು ಅತಿ ಸುಲಭದ ಪ್ರಶ್ನೆ ಎಂದುಕೊಂಡಿದ್ದೆವು. ಸರ್ಕಾರದ ಯೋಜನೆಯ ಕಾರ್ಡು ಬೀರುವಿನಲ್ಲಿದ್ದರೂ ಅದನ್ನು ವಿಮೆ ಎಂದು ತಿಳಿಯದವರು, ಉದ್ಯೋಗದಾತರು ಸಂಬಳದಲ್ಲಿ ಹಿಡಿಯುವ ಹಣ ಯಾವುದಕ್ಕೆಂದು ಗೊತ್ತಿಲ್ಲದವರು, ಜೀವ ವಿಮೆಯನ್ನು ಆರೋಗ್ಯ ವಿಮೆಯೆಂದು ತೋರಿಸುವವರು, ನವೀಕರಿಸದೆ ಬಿಟ್ಟುಹೋದ ಪಾಲಿಸಿಯ ಕಾಗದವನ್ನು ಇನ್ನೂ ಜೋಪಾನ ಮಾಡುತ್ತಿರುವವರು, ಹೀಗೆ ಎಲ್ಲ ಬಗೆಯವರೂ ಸಿಕ್ಕರು. ಇದು ನಮ್ಮ ಜನರ ಅರಿವಿನ ಕೊರತೆ ಎಂದು ಆಗ ಭಾವಿಸಿದ್ದೆ. ಆ ಭಾವನೆಯಲ್ಲಿ ಸ್ವಲ್ಪ ಗರ್ವವೂ ಇತ್ತು. ಆದರೆ ದಶಕಗಳ ಅನುಭವವಿರುವ ಅಮೆರಿಕದ ಸಮೀಕ್ಷೆಗಳಲ್ಲೂ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನಲ್ಲಿ ಇದ್ದೇವೆ ಎಂದು ಹೇಳುವವರ ಸಂಖ್ಯೆ ಸರ್ಕಾರದ ಕಡತದಲ್ಲಿರುವವರ ಸಂಖ್ಯೆಗಿಂತ ಕಡಿಮೆಯೇ ಬರುತ್ತದೆ. ಅದನ್ನು ಮೆಡಿಕೇಡ್ ಕಡಿಮೆ ಎಣಿಕೆ ಎಂದು ಕರೆದು ವರ್ಷಗಟ್ಟಲೆ ಚರ್ಚಿಸಿದ್ದಾರೆ.

ಅಲ್ಲಿನ ಜನಗಣತಿ ಬ್ಯೂರೋದ ಒಂದು ವಾರ್ಷಿಕ ಸಮೀಕ್ಷೆಯ ಕಥೆ ನನಗೆ ಬಹಳ ಇಷ್ಟ. ಒಂದೊಂದೇ ಬಗೆಯ ವಿಮೆಯನ್ನು ಹೆಸರಿಸಿ ಕೇಳಿ, ಎಲ್ಲಕ್ಕೂ ಇಲ್ಲ ಎಂದವರನ್ನು ವಿಮೆ ಇಲ್ಲದವರೆಂದು ಎಣಿಸುತ್ತಿದ್ದರು. 2000ದಲ್ಲಿ ಕೊನೆಗೆ ಒಂದೇ ಒಂದು ಪ್ರಶ್ನೆ ಸೇರಿಸಿದರು: ಹಾಗಾದರೆ ನಿಮಗೆ ಯಾವ ವಿಮೆಯೂ ಇಲ್ಲ ಎಂದಾಯಿತು, ಇದು ಸರಿಯೇ? ಅಷ್ಟಕ್ಕೇ ವಿಮೆ ಇಲ್ಲದವರ ಸಂಖ್ಯೆ ಇಳಿಯಿತು. ಯಾರೂ ಹೊಸದಾಗಿ ವಿಮೆ ಮಾಡಿಸಿರಲಿಲ್ಲ. ಇನ್ನೂ ಒಂದು ತೊಂದರೆ ಉಳಿದಿತ್ತು. ಕಳೆದ ಇಡೀ ವರ್ಷದಲ್ಲಿ ಯಾವಾಗಲಾದರೂ ವಿಮೆ ಇತ್ತೇ ಎಂದು ಕೇಳಿದರೆ ಎಷ್ಟೋ ಜನ ಇವತ್ತು ಇರುವುದನ್ನೇ ಹೇಳುತ್ತಿದ್ದರು. 2014ರಲ್ಲಿ ಪ್ರಶ್ನೆಯ ದಿಕ್ಕನ್ನೇ ತಿರುಗಿಸಿದರು: ಮೊದಲು ಈಗ ವಿಮೆ ಇದೆಯೇ ಎಂದು ಕೇಳಿ, ಅದು ಯಾವಾಗ ಶುರುವಾಯಿತು ಎಂದು ಕೇಳಿ, ಅಲ್ಲಿಂದ ಹಿಂದಕ್ಕೆ ನಡೆಯುವುದು. ಕೈಗೆ ಸಿಗುವ ಎಳೆಯ ತುದಿಯನ್ನು ಮೊದಲು ಹಿಡಿಸಿ ಆಮೇಲೆ ಉಂಡೆ ಬಿಚ್ಚಿಸುವ ಈ ಕ್ರಮ ನಮ್ಮ ಮನೆಗೆ ಬಂದ ಆ ಯುವಕನ ಕಾಯಿಲೆಯ ಪ್ರಶ್ನೆಗೂ ಒದಗುತ್ತಿತ್ತು. "ಮನೆಯಲ್ಲಿ ದಿನವೂ ಮಾತ್ರೆ ತೆಗೆದುಕೊಳ್ಳುವವರು ಯಾರಾದರೂ ಇದ್ದಾರೆಯೇ?" ಎಂದು ಶುರುಮಾಡಿದ್ದರೆ ನಾನು ಎದ್ದು ಹೋಗಿ ಡಬ್ಬಿಯನ್ನೇ ತಂದು ತೋರಿಸುತ್ತಿದ್ದೆ.

ನಿಜವಾದ ಸೊನ್ನೆಗಳು

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಎಲ್ಲ ಸೊನ್ನೆಗಳೂ ಸುಳ್ಳಲ್ಲ. ಯಾವುದೇ ಒಂದು ವರ್ಷದಲ್ಲಿ ಬಹುಪಾಲು ಮನೆಗಳಲ್ಲಿ ಏನೂ ಆಗುವುದಿಲ್ಲ, ಕೆಲವೇ ಮನೆಗಳ ಮೇಲೆ ಎಲ್ಲವೂ ಬಂದು ಬೀಳುತ್ತದೆ. ಅಮೆರಿಕದ ಸಮೀಕ್ಷೆಯ ಲೆಕ್ಕದಲ್ಲಿ ಅತಿ ಹೆಚ್ಚು ವೆಚ್ಚವಾಗುವ ಶೇ. 5ರಷ್ಟು ಜನರ ಪಾಲು ಒಟ್ಟು ವೆಚ್ಚದ ಸುಮಾರು ಅರ್ಧದಷ್ಟಾದರೆ, ಕೆಳಗಿನ ಅರ್ಧದಷ್ಟು ಜನರದೆಲ್ಲ ಸೇರಿ ಶೇ. 3ರ ಆಸುಪಾಸು. ವಿಮೆ ಎಂಬ ಏರ್ಪಾಡು ನಿಂತಿರುವುದೇ ಈ ಅಸಮತೆಯ ಮೇಲೆ. ಇದನ್ನು ಮನೆಮನೆಗೆ ಹೋಗಿ ಕಂಡುಕೊಂಡ ಆರಂಭದ ಪ್ರಯತ್ನಗಳಲ್ಲಿ ಒಂದು, ವೈದ್ಯಕೀಯ ವೆಚ್ಚದ ಬಗ್ಗೆ ಅಮೆರಿಕದಲ್ಲಿ ರಚಿತವಾಗಿದ್ದ ಸಮಿತಿಯದು. 1928ರಿಂದ 1931ರ ನಡುವೆ ಸುಮಾರು 9,000 ಕುಟುಂಬಗಳನ್ನು ಹನ್ನೆರಡು ತಿಂಗಳ ಕಾಲ ಮತ್ತೆ ಮತ್ತೆ ಭೇಟಿಯಾಗಿ ಅದು ಖರ್ಚು ಬರೆದುಕೊಂಡಿತು. ಅಷ್ಟು ಜತನದ ಕೆಲಸದಲ್ಲೂ ಆ 9,000 ಕುಟುಂಬಗಳೂ ಬಿಳಿಯರವೇ. ಬಾಗಿಲು ತಟ್ಟದ ಮನೆಗಳ ಕಾಲಂ ಖಾಲಿಯೇ ಉಳಿಯಿತು, ಅಲ್ಲಿ ಸೊನ್ನೆಯನ್ನೂ ಬರೆಯಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಅಜ್ಜಿಯಂಥವರ ಸೊನ್ನೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಜೊತೆಯಲ್ಲಿ ಬಂದ, 2025ರಲ್ಲಿ ಬದಲಾಗುವ ತನಕ ಬಳಕೆಯಲ್ಲಿದ್ದ ಅಳತೆಗೋಲು ಮನೆಯ ಒಟ್ಟು ಖರ್ಚಿನ ಅಥವಾ ಆದಾಯದ ಶೇ. 10ಕ್ಕಿಂತ, ಇನ್ನೊಂದು ಮಟ್ಟದಲ್ಲಿ ಶೇ. 25ಕ್ಕಿಂತ ಹೆಚ್ಚು ಆರೋಗ್ಯಕ್ಕೆ ಹೋದರೆ ಆ ಕುಟುಂಬ ಸಂಕಷ್ಟದಲ್ಲಿದೆ ಎನ್ನುತ್ತಿತ್ತು. ಕಡತ ಹಿಡಿದು ಕೂತಿದ್ದ ಆ ತಂದೆ ಎರಡೂ ಗೆರೆಗಳನ್ನು ದಾಟಿದವರು. ಅವರ ಕಷ್ಟ ಲೆಕ್ಕಕ್ಕೆ ಬಂತು. ದುಡ್ಡಿಗೆ ಹೆದರಿ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರು ಇಂಥ ಅಳತೆಯಲ್ಲಿ ಸುಖಿಗಳ ಸಾಲಿನಲ್ಲಿ ನಿಲ್ಲುತ್ತಾರೆ. ಖರ್ಚಿನ ಕಾಲಂ ಪಕ್ಕದಲ್ಲೇ, ತೋರಿಸಿಕೊಳ್ಳಬೇಕಿತ್ತು ಆದರೆ ತೋರಿಸಿಕೊಳ್ಳಲಿಲ್ಲ ಎಂಬ ಕಾಲಂ ಓದದೆ ಮೊದಲನೆಯದನ್ನು ಮಾತ್ರ ಕೂಡಿಸಿ ಸರಾಸರಿ ತೆಗೆದು ವರದಿ ಬರೆಯುವವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆ ಎರಡನೆಯ ಕಾಲಂ ತುಂಬದೆ ಚಪ್ಪಲಿ ಮೆಟ್ಟಿಕೊಂಡು ಹೊರಟವಳ ಮೇಲೂ ಇದೆ.

ಕಳೆದ ವಾರ ಆ ಯುವಕ ಕೊಟ್ಟಿದ್ದ ಸಂಖ್ಯೆಗೆ ಕರೆ ಮಾಡಿದೆ. ನನ್ನ ಪರಿಚಯ ಹೇಳಿಕೊಂಡು, ಉತ್ತರ ತಪ್ಪಾಗಿದೆ, ತಿದ್ದಿಕೊಳ್ಳಿ ಎಂದೆ. "ಬಿಪಿ ಮಾತ್ರೆನಾ ಮೇಡಂ? ಅದು ದಿನಾ ಇರೋದೇ ಅಲ್ಲವಾ?" ಎಂದ. ದಿನಾ ಇರುವುದನ್ನೂ ಬರೆಯಬೇಕಪ್ಪ ಎಂದೆ. ಸ್ವಲ್ಪ ತಡವರಿಸಿ, ನಮ್ಮ ಮನೆಯದು ಆಗಲೇ ಅಪ್‌ಲೋಡ್ ಆಗಿಹೋಗಿದೆ, ಈಗ ತೆರೆಯಲು ಬರುವುದಿಲ್ಲ, ಮೂರು ತಿಂಗಳ ನಂತರ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಎಲ್ಲವನ್ನೂ ಒಂದು ಕಡೆ ಬರೆದಿಡಿ ಎಂದ. ನಾನು ಮನೆಮನೆಯಲ್ಲಿ ಹೇಳಿ ಬರುತ್ತಿದ್ದ ಮಾತೇ ಅದು. ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿ, ದಿನಾಂಕ, ಯಾರಿಗೆ, ಯಾತಕ್ಕೆ, ಎಷ್ಟು ಎಂದು ನಾಲ್ಕು ಗೆರೆ ಎಳೆದಿದ್ದೇನೆ. ಮೊದಲ ಸಾಲಿನಲ್ಲಿ ಮಗಳ ಹಲ್ಲು. ಎಷ್ಟು ಎಂಬಲ್ಲಿ ಇನ್ನೂ ಏನೂ ಬರೆದಿಲ್ಲ. ಬಿಲ್ಲನ್ನು ಎಲ್ಲಿಟ್ಟಿದ್ದೇನೆ ಎಂದು ನೆನಪಾಗುತ್ತಿಲ್ಲ.